ಜೊವಾನಿಯ ತಲೆ ಹೋದದ್ದು ಯಾಕೆ?

ಅಮೆರಿಕದ ಲೇಖಕ ಜೇಮ್ಸ್ ಬಾಲ್ಡ್‌ವಿನ್ನರ ‘ಜೊವಾನೀಸ್ ರೂಮ್’ (1956) ಕಾದಂಬರಿಯಲ್ಲಿ ಜೊವಾನಿಗೆ ಮರಣದಂಡನೆ ಆಗಿದ್ದು ಅವನು ಸಲಿಂಗಿ ಅನ್ನೋ ಕಾರಣಕ್ಕೆ ಅಂತ ಒಂದು ಪೋಸ್ಟ್ ಓಡಾಡುತ್ತಿದೆ. ಹಾಗಲ್ಲ. ಅವನು ಪ್ಯಾರಿಸ್‌ನ ಬಾರ್ ಮಾಲೀಕ ಗಿಯೋಮ್‌ನನ್ನು ಕೊಂದಿದ್ದಕ್ಕೆ ಆ ಶಿಕ್ಷೆ. ಫ್ರಾನ್ಸಿನ ಕಾನೂನು ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ 1791ರಲ್ಲೇ ತೆಗೆದಿತ್ತು. ನಮಗೆ 2018 ಬೇಕಾಯ್ತು, ಇರಲಿ.

ಇನ್ನೊಂದು ತಪ್ಪು: ಬಾಲ್ಡ್‌ವಿನ್ ಕಪ್ಪು ಜನಾಂಗದವರು, ಹಾಗಾಗಿ ಕಥೆ ಹೇಳುವ, ಜೊವಾನಿಯ ಪ್ರೇಮಿಯಾದ ಡೇವಿಡ್ ಕೂಡ ಕಪ್ಪು ಅಂತ ಸುಮ್ನೆ ಊಹಿಸೋದು. ಶುರುವಿನಲ್ಲೇ ಕಿಟಕಿ ಗಾಜಿನಲ್ಲಿ ತನ್ನ ಹೊಂಬಣ್ಣದ ಕೂದಲು ನೋಡಿಕೊಳ್ಳುತ್ತಾನಲ್ವಾ!

ಜೊವಾನಿಯ ಗತಿಗೆ ಕಾನೂನನ್ನೇ ದೂರಿದರೆ ಡೇವಿಡ್ ಸಲೀಸಾಗಿ ಪಾರಾಗುತ್ತಾನೆ. ಹುಡುಗನಾಗಿದ್ದಾಗ ಗೆಳೆಯ ಜೋಯಿ ಜೊತೆ ಒಂದು ರಾತ್ರಿ ಕಳೆದು, ಬೆಳಗಾದ ಮೇಲೆ ಹೆದರಿ ಅವನನ್ನೇ ದೂರ ಮಾಡಿದವನು ಇವನು, ಪ್ಯಾರಿಸ್‌ನಲ್ಲಿ ಜೊವಾನಿಗೂ ಅದನ್ನೇ ಮಾಡಿದ, ಮದುವೆಯಾಗಬೇಕಿದ್ದ ಹೆಲ್ಲಾ ಸ್ಪೇನ್‌ನಿಂದ ವಾಪಸ್ ಬಂದದ್ದೇ ತಡ, ಒಂದು ಮಾತೂ ಹೇಳದೆ ಜೊವಾನಿ ಜೊತೆ ಇದ್ದ ಕೋಣೆ ಬಿಟ್ಟು ಹೋದ. ಯಾವ ಪೊಲೀಸೂ ಬಾಗಿಲು ತಟ್ಟಿರಲಿಲ್ಲ. ಕೊನೆಗೆ ಹೆಲ್ಲಾಗೆ ಸತ್ಯ ಗೊತ್ತಾಗಿದ್ದೂ ಅವನ ಬಾಯಿಂದಲ್ಲ. ನೀಸ್‌ನ ಬಾರೊಂದರಲ್ಲಿ ಅವನು ನಾವಿಕನೊಬ್ಬನ ಜೊತೆ ಇದ್ದದ್ದನ್ನು ಅವಳೇ ಕಣ್ಣಾರೆ ನೋಡಿದಳು.