ಬರೀ ಗ್ಯಾಸ್ ಅಂತೆ ಗ್ಯಾಸ್!

"ಕ್ಯಾನ್ಸರ್ ಗೆದ್ದು ಬಂದಿದ್ದೀರಿ, ಪಾಸಿಟಿವ್ ಆಗಿರಿ" ಅಂತ ಇನ್ನೊಬ್ರು ಯಾರಾದ್ರೂ ಹೇಳಿದ್ರೆ ನಾನಂತೂ ಸುಮ್ನಿರಲ್ಲ, ಮೊದಲೇ ಹೇಳಿಬಿಡ್ತೀನಿ. ಗಡ್ಡೆ ತೆಗೆದದ್ದು ನಿಜ, ಅದಕ್ಕೆ ಡಾಕ್ಟ್ರಿಗೆ ಕೈ ಮುಗೀತೀನಿ. ಆದ್ರೆ ಆಮೇಲೆ ಆಗಿದ್ದು ಉಂಟಲ್ಲ, ಅದನ್ನ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ.

ನಮ್ಮ ಮನೆ ಕೊಡಗಿನ ಗೋಣಿಕೊಪ್ಪಲಿಂದ ಇನ್ನೂ ಒಳಗೆ. ದೊಡ್ಡ ಕರುಳಿನ ಕೆಳಗಡೆ ಗಡ್ಡೆ, ಆಪರೇಷನ್ ಆಗಿದ್ದು ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಹೆಸರು ಬೇಡ. ಗಡ್ಡೆ ಇರೋ ತುಂಡು ಕತ್ತರಿಸಿ ತೆಗೆದು ಎರಡು ತುದಿನೂ ಸೇರಿಸಿ ಹೊಲೀತಾರೆ. ಆ ಜಾಯಿಂಟ್ ಕೆಲವರಿಗೆ ಬಿಟ್ಕೊಳ್ಳುತ್ತೆ, ಸಾಮಾನ್ಯವಾಗಿ ಮೊದಲ ಒಂದು ವಾರ ಹತ್ತು ದಿನದೊಳಗೆ. ನಾಡಿ ಏರುತ್ತೆ, ಜ್ವರ ಬರುತ್ತೆ, ಹೊಟ್ಟೆ ಬಿಗಿಯುತ್ತೆ. ಇದು ಯಾರೂ ಕಂಡು ಕೇಳದ ವಿಷಯ ಅಲ್ಲ, ಈ ಕೆಲಸ ಮಾಡೋರಿಗೆಲ್ಲ ಗೊತ್ತಿರೋದೇ. ನಮಗೆ ಮಾತ್ರ ಯಾರೂ ಹೇಳಿಲ್ಲ. ಇಂಗ್ಲಿಷ್ ಫಾರಂ ತಂದು ಇಲ್ಲಿ ಸೈನ್, ಇಲ್ಲಿ ಸೈನ್, ಯಜಮಾನ್ರದ್ದೂ ಇಲ್ಲಿ ಸೈನ್, ಅಷ್ಟೇ.

ಮೊದಲ ಕೆಲವು ದಿನ ಚೆನ್ನಾಗೇ ಇದ್ದೆ ಮಾರಾಯ್ರೆ. ಮೂರು ಬಾಲಿನ ಡಬ್ಬ ಕೊಟ್ಟು ಉಸಿರು ಎಳೀರಿ ಅಂದ್ರು, ಎಳೆದೆ. ನಡೀರಿ ಅಂದ್ರು, ಯೂರಿನ್ ಪೈಪು, ಹೊಟ್ಟೆ ಒಳಗಿನ ನೀರು ಬಂದು ಬೀಳೋ ಡ್ರೈನ್ ಬಾಟ್ಲಿ ಎಲ್ಲಾ ಹಿಡ್ಕೊಂಡು ಕಾರಿಡಾರ್ ತುಂಬಾ ನಡೆದೆ. ಆಮೇಲೆ ಒಂದು ಸಂಜೆ ಹೊಟ್ಟೆ ಕೆಳಗಡೆ ಎಂತದ್ದೋ ಹರಿದ ಹಾಗೆ ನೋವು, ಮೈ ನಡುಕ, ಬಿಕ್ಕಳಿಕೆ ನಿಲ್ತಾನೇ ಇಲ್ಲ. ಡ್ಯೂಟಿ ಡಾಕ್ಟರ್ ಬಂದ, ಹುಡುಗ, ಪಾಪ ಅವನೂ ನಿದ್ದೆಗೆಟ್ಟಿದ್ದ, ಹೊಟ್ಟೆ ಮೇಲೆ ಎರಡು ಬೆರಳು ಇಟ್ಟ ಹಾಗೆ ಮಾಡಿ "ಗ್ಯಾಸ್ ಅಮ್ಮ, ನಡೀರಿ ಸರಿ ಹೋಗುತ್ತೆ" ಅಂದ. ನಡೆಯೋಕಾಗಲ್ಲ ಅಂತ ತಾನೇ ನಾನು ಹೇಳ್ತಿರೋದು! ಬೆಳಿಗ್ಗೆ ರೌಂಡ್ಸಿಗೆ ದೊಡ್ಡ ಡಾಕ್ಟ್ರು, ಹಿಂದೆ ಒಂದು ದಂಡು ಹುಡುಗ್ರು, ನನ್ನ ಮುಖ ನೋಡೋರಿಲ್ಲ, ಎಲ್ಲಾ ಫೈಲ್ ನೋಡ್ತಾರೆ. ನನ್ನ ಹೊಟ್ಟೆ ಮೇಲಿಂದ ಆ ಕಡೆ ಈ ಕಡೆ ಇಂಗ್ಲಿಷಲ್ಲಿ ಮಾತಾಡ್ಕೊಂಡು ಕೊನೆಗೆ ನನಗೆ ಕನ್ನಡದಲ್ಲಿ ಒಂದೇ ಪ್ರಶ್ನೆ, "ಗ್ಯಾಸ್ ಪಾಸ್ ಆಯ್ತಾ?" ನೋವು ಬೇರೆ ಥರ ಉಂಟು ಸಾರ್ ಅನ್ನೋವಷ್ಟರಲ್ಲಿ ಪಕ್ಕದ ಬೆಡ್ಡಿಗೆ ಹೋಗಿ ಆಗಿತ್ತು.

ನನ್ನ ಜೊತೆ ನಿಂತಿದ್ದ ತಂಗಿ ಡ್ರೈನ್ ಬಾಟ್ಲಿ ನೋಡ್ತಾನೇ ಇದ್ಳು. ತೆಳು ಕೆಂಪು ನೀರು ಬರ್ತಿದ್ದದ್ದು ಕಂದು ಬಣ್ಣ ಆಯ್ತು, ವಾಸನೆ ಬೇರೆ. ಫೋಟೋ ತೆಗೆದು ಕೌಂಟರಿಗೆ ಹೋಗಿ ತೋರಿಸಿದ್ರೆ "ಗೂಗಲ್ ನೋಡಿ ಹೆದರ್ಕೋಬೇಡಿ ಮೇಡಂ" ಅಂತೆ. ಬಾಟ್ಲಿ ಕಣ್ಣೆದುರಿಗೆ ಇರುವಾಗ ಗೂಗಲ್ ಎಂತಕ್ಕೆ ಬೇಕು ಇವರಿಗೆ?

ರಾತ್ರಿ ಪಾಳಿಗೆ ಒಬ್ರು ವಯಸ್ಸಾದ ಮಲಯಾಳಿ ಸಿಸ್ಟರ್ ಬಂದ್ರು. ನಾಡಿ ಹಿಡಿದು ನೋಡಿದ್ರು, 130. ಹೊಟ್ಟೆ ಮುಟ್ಟಿದ್ರು, ಬಾಟ್ಲಿ ನೋಡಿದ್ರು, ನನ್ನ ಕೆನ್ನೆ ತಟ್ಟಿ ಏನೂ ಮಾತಾಡದೆ ಫೋನಿನ ಹತ್ರ ಹೋದ್ರು. ಆ ಕಡೆಯಿಂದ ಬೆಳಿಗ್ಗೆ ನೋಡೋಣ ಅಂದ್ರು ಕಾಣುತ್ತೆ, ಈಯಮ್ಮ ಬಿಡ್ಲಿಲ್ಲ, ವಾರ್ಡಿಗೇ ಕೇಳೋ ಹಾಗೆ ಜೋರು ಮಾಡಿದ್ರು. ಆಮೇಲೆ ಸಿಟಿ ಸ್ಕ್ಯಾನ್, ಆ ಹೊಲಿದ ಜಾಯಿಂಟೇ ಲೀಕ್ ಆಗಿದೆ ಅಂತ ಗೊತ್ತಾಯ್ತು, ಅರ್ಧ ರಾತ್ರಿಗೆ ಪುನಃ ಹೊಟ್ಟೆ ಕೊಯ್ದು ತೊಳೆದು ಸಣ್ಣ ಕರುಳನ್ನ ಹೊಟ್ಟೆ ಬಲಭಾಗದಿಂದ ಹೊರಗೆ ತಂದು ಮಲ ಬಂದು ಬೀಳೋಕೆ ಬ್ಯಾಗ್ ಹಾಕಿದ್ರು. ನಾನು ಬದುಕಿರೋದು ಆ ಸಿಸ್ಟರಿಂದ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅವರ ಹೆಸರು ಎಲ್ಲೂ ಇಲ್ಲ.

ನನ್ನನ್ನ ಒಳಗೆ ತಗೊಂಡು ಹೋಗ್ತಿದ್ದ ಹಾಗೆ ಹೊರಗೆ ನಮ್ಮೆಜಮಾನ್ರ ಹತ್ರ ಡೆಪಾಸಿಟ್ ಕಟ್ಟಿ ಅಂದ್ರಂತೆ. ನಮ್ಮದು ಎಪಿಎಲ್ ಕಾರ್ಡು, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದ ತನಕ, ನಮ್ಮಂಥವರಿಗೆ ಪ್ಯಾಕೇಜ್ ದರದ ಶೇಕಡ 30 ಮಾತ್ರ. ಕಾಫಿ ತೋಟ ಅಂದ ಕೂಡಲೇ ಎಲ್ರಿಗೂ ನಾವು ಎಸ್ಟೇಟ್ ಧಣಿಗಳು. ಇಟ್ಟಿದ್ದ ಕರಿಮೆಣಸು ಪೂರ್ತಿ ಹೋಯ್ತು, ಸಾಕು ಆ ವಿಷಯ.

ಬ್ಯಾಗಿನ ಕಥೆ ಕೇಳಿ. ಸಣ್ಣ ಕರುಳಿಂದ ಬರೋದು ನೀರು ನೀರು, ಜೀರ್ಣ ಮಾಡೋ ರಸ ಎಲ್ಲಾ ಅದ್ರಲ್ಲೇ ಇರುತ್ತೆ, ಚರ್ಮಕ್ಕೆ ತಾಗಿದ್ರೆ ಸುಟ್ಟ ಗಾಯ ಆಗುತ್ತೆ. ಅದಕ್ಕೆ ಬ್ಯಾಗ್ ಕೂರಿಸೋಕೆ ಚರ್ಮಕ್ಕೆ ಅಂಟಿಸೋ ಪ್ಲೇಟಿನ ತೂತು ಕರುಳಿನ ಬಾಯಿ ಅಳತೆಗೆ ಸರಿಯಾಗಿ ಕತ್ತರಿಸ್ಬೇಕು, ಅದೂ ಮೊದಮೊದಲು ಊತ ಇಳೀತಾ ಬರೋದ್ರಿಂದ ಅಳತೆ ಬದಲಾಗ್ತಾನೇ ಇರುತ್ತೆ. ವಾರ್ಡಲ್ಲಿ ಒಬ್ಬೊಬ್ರು ಒಂದೊಂದು ಸೈಜಿಗೆ ಕತ್ತರಿಸೋರು, ರಾತ್ರಿ ಲೀಕ್ ಆಗಿ ಬೆಡ್‌ಶೀಟ್ ನೆಂದ್ರೆ ಆಯಾ ಬಂದು "ಅಯ್ಯೋ ಮತ್ತೆನಾ" ಅಂತ ಮೂಗು ಮುಚ್ಕೊಳ್ಳೋರು. ನಾನೇನು ಬೇಕಂತ ಮಾಡ್ತಿದ್ದೀನಾ? ಇದನ್ನೆಲ್ಲ ಕಲಿಸೋಕೆ ಸ್ಟೋಮಾ ನರ್ಸ್ ಒಬ್ರಿದ್ದಾರಂತೆ, ಕೇಳಿದಾಗೆಲ್ಲ ಅವರು ರಜೆ. ಕೊನೆಗೆ ತಂಗಿ ಕನ್ನಡಿ ಹಿಡ್ಕೊಂಡು ತಾನೇ ಕಲಿತ್ಲು.

ಡಯಟ್ ಹಾಳೆ ಅಂತ ಒಂದು ಕೊಟ್ರು, ಅದ್ರಲ್ಲಿ ತಿನ್ನೋದು ಬಿಡೋದು ಅಂತ ಬರೀ ಓಟ್ಸ್, ಬ್ರೊಕೊಲಿ, ಪಾಪ್‌ಕಾರ್ನ್ ಮಾತು. ನಮ್ಮೂರಲ್ಲಿ ಮಳೆಗಾಲ ಅಂದ್ರೆ ಕಣಿಲೆ (ಎಳೆ ಬಿದಿರು), ಅಣಬೆ. ಈ ಬ್ಯಾಗ್ ಇರೋರಿಗೆ ಅವೆರಡೂ ಕರುಳಲ್ಲಿ ಸಿಕ್ಕಿಹಾಕ್ಕೊಂಡು ಬ್ಲಾಕ್ ಮಾಡಬಹುದು ಅಂತ ಒಂದು ಸಾಲು ಬರೆದಿದ್ರೆ ಇವರ ಪೆನ್ನಿನ ಇಂಕು ಮುಗೀತಿತ್ತಾ? ಅತ್ತಿಗೆ ಪ್ರೀತಿಯಿಂದ ಕಣಿಲೆ ಪಲ್ಯ ಮಾಡ್ಕೊಂಡು ಬಂದಿದ್ರು, ತಂಗಿಗೆ ಅನುಮಾನ ಬಂದು ಫೋನ್ ಮಾಡಿ ಕೇಳಿದ್ದಕ್ಕೆ ಬಚಾವ್.

ಮನೆಗೆ ಬಂದ್ಮೇಲೆ ಕಕ್ಕಡ ತಿಂಗಳ ಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಬ್ಯಾಗ್ ತುಂಬೋದು ಖಾಲಿ ಮಾಡೋದು ತುಂಬೋದು, ದಿನಕ್ಕೆ ಎರಡು ಲೀಟರ್ ದಾಟ್ತು, ಕಾಲು ಸೆಟೆದು ತಲೆ ಸುತ್ತೋಕೆ ಶುರು. ಈ ಸ್ಥಿತಿಯಲ್ಲಿ ಬರೀ ನೀರು ಕುಡಿದಷ್ಟೂ ಉಪ್ಪು ಇನ್ನೂ ಹೊರಗೆ ಹೋಗುತ್ತೆ, ಓಆರ್‌ಎಸ್ ಕುಡೀಬೇಕು, ಇದೂ ಡಿಸ್ಚಾರ್ಜ್ ಹಾಳೆಯಲ್ಲಿಲ್ಲ, "ಹೆಚ್ಚು ನೀರು ಕುಡಿಯಿರಿ" ಅಂತ ಮಾತ್ರ ಉಂಟು. ಹತ್ತಿರದ ಆಸ್ಪತ್ರೆಗೆ ಹೋದ್ವಿ, ಬೇಕಾಗಿದ್ದದ್ದು ಡ್ರಿಪ್ಪು, ಒಂದು ರಕ್ತ ಪರೀಕ್ಷೆ. ಬ್ಯಾಗ್ ನೋಡಿದ್ದೇ ತಡ "ಎಲ್ಲಿ ಆಪರೇಷನ್ ಆಯ್ತೋ ಅಲ್ಲಿಗೇ ಹೋಗಿ" ಅಂತ ಫೈಲ್ ವಾಪಸ್. ಒಂದು ಬಾಟ್ಲಿ ಸಲೈನ್ ಹಾಕೋಕೂ ಧೈರ್ಯ ಇಲ್ವಾ? ತಿತಿಮತಿ ದಾಟಿ ಕಾಡು ರಸ್ತೆ, ಆ ಹಂಪುಗಳು ಒಂದೊಂದೂ ಹೊಲಿಗೆ ಎಳೆಯೋವು, 90 ಕಿಲೋಮೀಟರ್ ಹತ್ರ ಹಿಂದಿನ ಸೀಟಲ್ಲಿ ಮಲ್ಕೊಂಡು ಹೋದ್ರೆ ಅಲ್ಲಿ ಕ್ಯಾಶುವಾಲಿಟಿಯಲ್ಲಿ ಕೇಳ್ತಾರೆ, "ಇಷ್ಟಕ್ಕೆಲ್ಲ ಅಲ್ಲೇ ತೋರಿಸ್ಬಹುದಿತ್ತಲ್ಲ?" ಅಂತ. ಮೈಯಲ್ಲಿ ತ್ರಾಣ ಇದ್ದಿದ್ರೆ ಆವತ್ತು ಸರಿಯಾಗಿ ಕೊಡ್ತಿದ್ದೆ.

2019ರಲ್ಲಿ ಕೊಡಗಿಗೊಂದು ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಹ್ಯಾಶ್‌ಟ್ಯಾಗ್ ಹಾಕಿ ಎಲ್ರೂ ಕೂಗಿದ್ವಿ, ನಾನೂ ಹಾಕಿದ್ದೆ, ಆವಾಗ ನೆನಪಿದ್ದದ್ದು ಆಕ್ಸಿಡೆಂಟು, ಹಾರ್ಟ್ ಅಟ್ಯಾಕು. ಆಪರೇಷನ್ ಮುಗಿಸಿ ಮನೆಗೆ ಬಂದವರ ಗತಿ ಎಂತ ಅಂತ ಯಾರ ತಲೆಗೂ ಬಂದಿರ್ಲಿಲ್ಲ.

ಇನ್ನು ಕೀಮೋ ಬಾಕಿ, ಲೀಕ್ ಆಗಿದ್ದಕ್ಕೆ ಅದೂ ಮುಂದೆ ಹೋಗಿದೆ, ಕೀಮೋ ಆದ್ಮೇಲೇ ಕರುಳು ಒಳಗೆ ಹಾಕೋದಂತೆ. ಅಲ್ಲೀವರೆಗೂ ಈ ಬ್ಯಾಗೇ. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರ ಎಲ್ಲಾದ್ರೂ ಸರಿ, 57 ಎಂಎಂ ಎರಡು ಪೀಸಿನ ಬ್ಯಾಗ್ ಮತ್ತೆ ಪೇಸ್ಟ್ ಸ್ಟಾಕ್ ಇಡೋ ಮೆಡಿಕಲ್ ಶಾಪ್ ಗೊತ್ತಿದ್ರೆ ದಯವಿಟ್ಟು ಹೇಳಿ, ಪ್ರತೀಸಲ ಮೈಸೂರಿಂದ ಬಸ್ಸಲ್ಲಿ ಪಾರ್ಸಲ್ ಹಾಕ್ಸಿ ಸಾಕಾಗಿದೆ. ಕ್ಯಾನ್ಸರಿಗೆ ಲಕ್ಷ್ಮಣಫಲದ ಎಲೆ ಕಷಾಯ ಹೇಳೋರು ಮಾತ್ರ ಈ ಕಡೆ ಬರ್ಬೇಡಿ.