ಪುಕ್ಕಟೆ ಸಿಗೋದನ್ನ ಹುಡುಕಿಕೊಂಡು ಹೋಗಬೇಕಾ?

ಪರ: ಅಕ್ಕ, ಧಾರವಾಡ

ನನ್ನ ತಮ್ಮ ನನಗೆ ಇಟ್ಟಿರುವ ಹೆಸರು 'ಪುಕ್ಕಟೆ ಅಕ್ಕ'. ಹುಬ್ಬಳ್ಳಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ, ಗಿರಾಕಿಗಳ ಎದುರಿಗೇ ಹಾಗೆ ಕರೆಯುತ್ತಾನೆ. ಕರೆಯಲಿ. ನನ್ನ ಹತ್ತಿರ ಒಂದು ಡೈರಿ ಇದೆ. ಎಡಗಡೆ ಆ ದಿನದ ಖರ್ಚು. ಬಲಗಡೆ, ಖರ್ಚಾಗಬೇಕಿದ್ದು ಆಗದೇ ಉಳಿದದ್ದು. ಬಲಗಡೆ ಬರೆಯೋದಕ್ಕೆ ಒಂದೇ ನಿಯಮ: ಪುಕ್ಕಟೆ ಸಿಗದಿದ್ದರೆ ಇದನ್ನ ದುಡ್ಡು ಕೊಟ್ಟಾದರೂ ತಗೊಳ್ತಿದ್ದೆನಾ? ಹೌದು ಅಂದರೆ ಮಾತ್ರ ಬರೆಯಬೇಕು. ಸೀರೆ ಅಂಗಡಿಯವರು ಒಂದಕ್ಕೆ ಎರಡು ಫ್ರೀ ಕೊಟ್ಟರೆ ಅದು ಎಡಗಡೆಗೇ ಹೋಗುತ್ತದೆ, ಯಾಕಂದರೆ ನನಗೆ ಒಂದೂ ಬೇಕಾಗಿರಲಿಲ್ಲ.

ಹೋದ ವರ್ಷ ನಮ್ಮ ಮನೆಯವರು ಬೆಳಿಗ್ಗೆ ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋದಾಗ ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಮನೆಗೆ ಬಂದವರೇ ನಲ್ಲಿ ಕೆಳಗೆ ಕಾಲಿಟ್ಟರು, ಸಾಬೂನು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದೆವು. ಪಕ್ಕದ ಮನೆಯವರು ಅರಿಶಿನ ಹಚ್ರಿ ಅಂದರು, ಕೇಳಲಿಲ್ಲ. ಸೀದಾ ಸರ್ಕಾರಿ ಆಸ್ಪತ್ರೆ. ಇವರಿಗೆ ಅಲ್ಲಿ ಸಾಲಿನಲ್ಲಿ ನಿಲ್ಲೋದಕ್ಕೇ ಸಂಕೋಚ. ಆಫೀಸಿನವರು ಯಾರಾದರೂ ನೋಡಿದರೆ ಅಂತ ಟೋಪಿ ಹಾಕಿಕೊಂಡು ಬಂದಿದ್ದರು! ಚೀಟಿ ಮಾಡಿಸಿದೆವು, ತೋಳಿಗೆ ಸಣ್ಣ ಸೂಜಿ ಹಾಕಿದರು. ಮೊದಲ ದಿನ ಒಂದು ಸಲ, ಆಮೇಲೆ 3, 7 ಮತ್ತು 28ನೇ ದಿನಕ್ಕೆ. ಒಟ್ಟು ನಾಲ್ಕು ಸಲ ಹೋಗಿ ಬಂದೆವು, ಲಸಿಕೆಗೆ ಒಂದು ರೂಪಾಯಿ ಕೊಡಲಿಲ್ಲ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಅಂತ ಇನ್ನೊಂದನ್ನ ಹಾಕುತ್ತಾರೆ. ಹೊರಗೆ ದುಬಾರಿ ಅಂದರೆ ಅದೇ. ಅದನ್ನೂ ಬಾಯಿಬಿಟ್ಟು ಕೇಳಬೇಕು. ಬೆಕ್ಕು ಪರಚಿದರೂ ಖಾಸಗಿ ಆಸ್ಪತ್ರೆಗೆ ಓಡುವವರು ನಮ್ಮ ಓಣಿಯಲ್ಲೇ ಇದ್ದಾರೆ. ಸರ್ಕಾರಿ ಸೂಜಿಯಲ್ಲಿ ನೀರು ಇರುತ್ತದೆ ಅಂತ ಅವರ ನಂಬಿಕೆ.

ಕರೆಂಟಿನ ಲೆಕ್ಕ ಬಹಳ ಮಂದಿಗೆ ಗೊತ್ತಿಲ್ಲ. ಗೃಹಜ್ಯೋತಿ ಅಂದರೆ 200 ಯೂನಿಟ್ ಫ್ರೀ ಅಂತ ತಿಳಿದು ಗೀಸರ್ ಹಾಕಿಬಿಟ್ಟು ಆಮೇಲೆ ಹೆಸ್ಕಾಂನವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. 2022-23ರಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿದಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ನಿಮಗೆ ಫ್ರೀ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್. ನಮ್ಮದು 70 ಇತ್ತು, ಹಾಗಾಗಿ 77. ಅದರ ಮೇಲೆ ಉರಿದದ್ದಕ್ಕೆ ದುಡ್ಡು. 200 ದಾಟಿತೋ, ಇಡೀ ಬಿಲ್ ನಮ್ಮ ತಲೆಗೆ. ಅದಕ್ಕೇ ನಾನು ಪ್ರತಿ ತಿಂಗಳು ನಡುವೆ ಒಂದು ಸಲ ಮೀಟರ್ ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಲೆಕ್ಕ ಮೇಲೆ ಹೋಗ್ತಿದೆ ಅನಿಸಿದರೆ ನಾಲ್ಕು ದಿನ ಬಚ್ಚಲಿಗೆ ಬಂಬದ ನೀರು.

ಬಸ್ಸಿನದು ಬೇರೆ ಕತೆ. ಅವ್ವ ಗದಗಿನಲ್ಲಿ ಇದ್ದಾಳೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅದಕ್ಕಿಂತ ಮೊದಲು ತಿಂಗಳಿಗೊಮ್ಮೆ ಹೋಗ್ತಿದ್ದೆ, ಅದೂ ಏನಾದರೂ ನೆಪ ಇದ್ದರೆ. ಈಗ ವಾರಕ್ಕೊಮ್ಮೆ ಆಧಾರ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ ತಗೊಂಡು, ಸಿಕ್ಕರೆ ಸೀಟು, ಇಲ್ಲದಿದ್ದರೆ ಅಣ್ಣಿಗೇರಿವರೆಗೆ ನಿಂತುಕೊಂಡು ಹೋಗ್ತೇನೆ. ಅವ್ವನ ಉಗುರು ತೆಗೆದು, ತಲೆಗೆ ಎಣ್ಣೆ ಹಚ್ಚಿ, ಸಂಜೆ ಬಸ್ಸಿಗೆ ವಾಪಸ್. ನನ್ನ ನಿಯಮದ ಪ್ರಕಾರ ತಿಂಗಳಿಗೆ ಒಂದು ಸಲದ ಟಿಕೆಟ್ ಮಾತ್ರ ಬಲಗಡೆ ಬರೆಯಬಹುದು, ಯಾಕಂದರೆ ದುಡ್ಡು ಕೊಟ್ಟು ಹೋಗ್ತಿದ್ದದ್ದು ಅಷ್ಟೇ. ಉಳಿದ ಮೂರು ಸಲ ಹೋಗಿ ಬಂದದ್ದನ್ನ ಯಾವ ಕಡೆ ಬರೆಯಬೇಕೋ ಇನ್ನೂ ಗೊತ್ತಾಗಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಗಂಡ ಬಿಟ್ಟು ಹೋಗಿ ನಾಲ್ಕು ವರ್ಷ. ಜೀವನಾಂಶಕ್ಕೆ ಕೇಸು ಹಾಕೋಣ ಅಂದರೆ ವಕೀಲರ ಫೀಗೆ ಎಲ್ಲಿಂದ ತರಬೇಕು ಅಂತ ಕೂತಿದ್ದಳು. ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಇದೆ, 1987ರ ಕಾಯ್ದೆಯದು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನ ಅವರೇ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಹೇಳ್ತಾರೆ. ನಾನೇ ಕರೆದುಕೊಂಡು ಹೋಗಿ ಅರ್ಜಿ ಬರೆಸಿದೆ. "ಅಕ್ಕಾರ, ಇದು ಇಷ್ಟು ವರ್ಷ ಇಲ್ಲೇ ಇತ್ತಾ?" ಅಂತ ಮೆಟ್ಟಿಲ ಮೇಲೆ ನಿಂತು ಕೇಳಿದಳು. ಸಿಟ್ಟು ಬಂದಿತ್ತು ಅವಳಿಗೆ.

ಇನ್ನೂ ಇವೆ. ತಂಗಿಯ ಮಗ ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ, ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆಯಲ್ಲಿ, ಒಂದು ತಿಂಗಳು ಮೊಬೈಲ್ ರಿಪೇರಿ ಕಲಿತು ಬಂದ. ಕಲಿಸೋದೂ ಫ್ರೀ, ಊಟ ವಸತಿಯೂ ಫ್ರೀ. ನನ್ನ ಮಗಳು ಎನ್‌ಪಿಟಿಇಎಲ್ ಅನ್ನುವ ವೆಬ್‌ಸೈಟಿನಲ್ಲಿ ಐಐಟಿ ಪ್ರೊಫೆಸರುಗಳ ಪಾಠ ಕೇಳ್ತಾಳೆ. ಪಾಠಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಂದರೆ ಮಾತ್ರ 1000 ರೂಪಾಯಿ. ಸಾಲದ ವಿಷಯದಲ್ಲಿ ಒಂದು ಗುಟ್ಟು ಹೇಳ್ತೇನೆ. ನೀವು ಸಾಲ ಹೇಗೆ ತೀರಿಸಿದ್ದೀರಿ ಅಂತ ತೋರಿಸುವ ಕ್ರೆಡಿಟ್ ವರದಿ ಕೊಡುವ ಕಂಪನಿಗಳು ನಾಲ್ಕು ಇವೆ. 2017ರಿಂದ ಪ್ರತಿಯೊಂದು ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ವರದಿ ಫ್ರೀ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮೂರು ತಿಂಗಳಿಗೆ ಒಂದು ಕಂಪನಿಯದ್ದು ತೆಗೆದರೆ ವರ್ಷಪೂರ್ತಿ ಆಯಿತು. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿಯೂ ಫ್ರೀ. ಆ ಹುಡುಗ ಹತ್ತು ರೂಪಾಯಿ ಕೇಳಿದರೆ ಕೊಡಬೇಕಾಗಿಲ್ಲ. ಇನ್ನು ಧಾರವಾಡದಲ್ಲಿ ಇದ್ದುಕೊಂಡು ಸಂಜೆ ಟೈಂಪಾಸ್ ಆಗೋದಿಲ್ಲ ಅನ್ನುವವರಿಗೆ ಏನು ಹೇಳಬೇಕು? 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ, ಎಷ್ಟು ಭಾಷಣ, ಎಷ್ಟು ಹಾಡು! ಬಾಗಿಲಲ್ಲಿ ಯಾರೂ ಟಿಕೆಟ್ ಕೇಳೋದಿಲ್ಲ.

ನಿನ್ನ ವೇಳೆಗೆ ಬೆಲೆ ಇಲ್ಲೇನು ಅಂತ ತಮ್ಮ ಕೇಳ್ತಾನೆ. ಅಲ್ಲೋ ತಮ್ಮ, 26 ವರ್ಷದಿಂದ ಮನೆ ನೋಡಿಕೊಂಡು ಬಂದಿದ್ದೇನೆ, ಇಲ್ಲಿಯವರೆಗೆ ಯಾರೂ ನನ್ನ ವೇಳೆಗೆ ರೇಟು ಕೇಳಿಲ್ಲ. ಸಾಲಿನಲ್ಲಿ ನಿಂತಾಗ ಮಾತ್ರ ಅದಕ್ಕೆ ಬೆಲೆ ಬಂತಾ?

ವಿರೋಧ: ತಮ್ಮ, ಹುಬ್ಬಳ್ಳಿ

ಅವ್ವನ ವಿಷಯ ಬರೆದು ಅಕ್ಕ ಮೊದಲೇ ನನ್ನ ಬಾಯಿ ಮುಚ್ಚಿಸಿದ್ದಾಳೆ. ನಾನು ಟಿಕೆಟ್ ತಗೊಂಡು ಹೋಗುವವನು, ಹೋದ ಎರಡು ತಿಂಗಳಲ್ಲಿ ಒಂದು ಸಲವೂ ಗದಗಿಗೆ ಹೋಗಿಲ್ಲ. ಒಪ್ಪಿದೆ. ನಾಯಿ ಕಡಿತದ ಸೂಜಿಗೂ ನನ್ನ ತಕರಾರಿಲ್ಲ. ನಾವೇ ತೆರಿಗೆ ಕಟ್ಟಿದ್ದು, ಅದನ್ನ ಪುಕ್ಕಟೆ ಅಂತ ಕರೆಯೋದೇ ತಪ್ಪು. ನನ್ನ ತಕರಾರು ಆ ಹುಡುಕಾಟದ ಮೇಲೆ. ಒಂದು ಸಲ ರುಚಿ ಹತ್ತಿತು ಅಂದರೆ ಯಾವುದು ಹಕ್ಕು, ಯಾವುದು ಗಾಳ ಅನ್ನೋದೇ ಗೊತ್ತಾಗೋದಿಲ್ಲ. ನನಗೆ ಗೊತ್ತಾಗಲಿಲ್ಲ, ಅದನ್ನೇ ಹೇಳ್ತೇನೆ.

ಮೂರು ವರ್ಷದ ಹಿಂದೆ ಇಲ್ಲೇ ಒಂದು ಎಕ್ಸಿಬಿಷನ್‌ಗೆ ಹೋಗಿದ್ದೆವು. ಬಾಗಿಲಲ್ಲಿ ಒಬ್ಬ ಹುಡುಗಿ ಕೂಪನ್ ಕೊಟ್ಟಳು, ಹೆಸರು ಫೋನ್ ನಂಬರ್ ಬರೆದು ಡಬ್ಬಿಯಲ್ಲಿ ಹಾಕಿ ಸರ್, ಲಕ್ಕಿ ಡ್ರಾ ಇದೆ, ಪೂರ್ತಿ ಫ್ರೀ ಅಂದಳು. ಹಾಕಿದೆ. ವಾರ ಬಿಟ್ಟು ಫೋನ್. ಅಭಿನಂದನೆಗಳು ಸರ್, ನಿಮಗೆ ಗಿಫ್ಟ್ ಬಂದಿದೆ, ಭಾನುವಾರ ಹನ್ನೊಂದಕ್ಕೆ ಹೋಟೆಲಿಗೆ ಬನ್ನಿ, ಗಂಡ ಹೆಂಡತಿ ಇಬ್ಬರೂ ಬರಬೇಕು, ಒಬ್ಬರೇ ಬಂದರೆ ಕೊಡೋದಿಲ್ಲ. ಆಗಲೇ ಸಂಶಯ ಬರಬೇಕಿತ್ತು ಅಲ್ವಾ? ಅಂಗಡಿ ಮುಚ್ಚಿಕೊಂಡು ಹೋದೆ.

ಹಾಲ್ ತುಂಬ ಸಣ್ಣ ಸಣ್ಣ ಟೇಬಲ್. ಒಂದೊಂದಕ್ಕೆ ಒಬ್ಬ ಗಂಡ, ಒಬ್ಬ ಹೆಂಡತಿ, ಒಬ್ಬ ಟೈ ಕಟ್ಟಿದ ಹುಡುಗ. ಹಾಡು ಎಷ್ಟು ಜೋರು ಅಂದರೆ ಪಕ್ಕದ ಟೇಬಲಿನ ಮಾತು ಕೇಳಿಸಬಾರದು ಅಂತಲೇ ಹಾಕಿದ್ದರು. ನಮ್ಮ ಹುಡುಗ ಕೇಳಿದ: ಸರ್, ನೀವು ವರ್ಷಕ್ಕೆ ಎಷ್ಟು ಟೂರ್ ಮಾಡ್ತೀರಿ? ಎರಡು ವರ್ಷಕ್ಕೊಮ್ಮೆ, ಶಿರಸಿ ಜಾತ್ರೆಗೆ ಅಂದೆ. ನಗಲಿಲ್ಲ ಅವನು. ಹಾಲಿಡೇ ಕ್ಲಬ್ಬಿನ ಮೆಂಬರ್‌ಶಿಪ್ ಮಾರೋದು ಅವನ ಕೆಲಸ. ಒಂದು ಹಾಳೆಯ ಮೇಲೆ ಮುಂದಿನ 25 ವರ್ಷ ನಾನು ಹೋಟೆಲುಗಳಿಗೆ ಎಷ್ಟು ಸುರಿಯುತ್ತೇನೆ ಅಂತ ಲೆಕ್ಕ ಹಾಕಿ ತೋರಿಸಿದ. ನಾನು ಎಂದೂ ನೋಡದ ಊರುಗಳಲ್ಲಿ ನನಗೆ ಎಷ್ಟೋ ಲಕ್ಷ ಉಳಿಯುತ್ತಿತ್ತು. ಆಗಾಗ ಯಾವುದೋ ಮೂಲೆಯಲ್ಲಿ ಒಂದು ಜೋಡಿ ಸಹಿ ಹಾಕಿದಾಗ ಎಲ್ಲರೂ ಎದ್ದು ಚಪ್ಪಾಳೆ ಹೊಡೆಯುತ್ತಿದ್ದರು. ಒಂದೂವರೆ ಆಯಿತು, ಎರಡಾಯಿತು. ಅರ್ಧ ಕಪ್ ಚಹಾ, ಎರಡು ಬಿಸ್ಕಿಟ್. ನಮ್ಮಾಕೆ ಟೇಬಲ್ ಕೆಳಗೆ ಎರಡು ಸಲ ಕಾಲು ತುಳಿದಳು. ನನಗೋ ಇಷ್ಟು ಹೊತ್ತು ಅವರ ಚಹಾ ಕುಡಿದು ಸುಮ್ನೆ ಎದ್ದು ಬರೋದಕ್ಕೆ ಮುಖ ಬರಲಿಲ್ಲ. ಸದ್ಯ 5,000 ಕೊಟ್ಟು ಹೆಸರು ಬುಕ್ ಮಾಡಿ, ಬೇಡ ಅಂದರೆ ವಾಪಸ್ ಅಂದ. ಫೋನಿನಲ್ಲೇ ಕಳಿಸಿದೆ. ಆ ದುಡ್ಡು ಇವತ್ತಿಗೂ ಬಂದಿಲ್ಲ. ಗಿಫ್ಟ್ ಏನು ಗೊತ್ತಾ? ಒಂದು ಕ್ಯಾಸರೋಲ್ ಡಬ್ಬಿ. ಕೆಂಪು ಮುಚ್ಚಳ. ಮನೆಗೆ ಬರುವವರೆಗೆ ನಮ್ಮಾಕೆ ಅದನ್ನ ತೊಡೆ ಮೇಲೆ ಇಟ್ಟುಕೊಂಡು ಒಂದು ಮಾತೂ ಆಡಲಿಲ್ಲ.

ಆ ಕೂಪನ್ ಅಲ್ಲಿಗೇ ಮುಗಿಯಲಿಲ್ಲ. ಆಮೇಲಿಂದ ಎನ್‌ಎ ಪ್ಲಾಟ್ ಬೇಕಾ ಸರ್, ಪರ್ಸನಲ್ ಲೋನ್ ಬೇಕಾ ಸರ್, ಮೊಣಕಾಲು ನೋವಿನ ಎಣ್ಣೆ ಬೇಕಾ ಸರ್.

ದೊಡ್ಡ ಕಂಪನಿಗಳು ಇದನ್ನೇ ಚಂದ ಮಾಡಿ ಮಾಡುತ್ತವೆ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಡಿಸೆಂಬರ್ ಕೊನೆಯವರೆಗೆ ಎಲ್ಲಾ ಫ್ರೀ ಅಂದರು, ಆಮೇಲೆ 2017ರ ಮಾರ್ಚ್ 31ರವರೆಗೆ ಮುಂದುವರಿಸಿದರು. ಅಲ್ಲಿಯವರೆಗೆ ತಿಂಗಳಿಗೆ ಒಂದು ಜಿಬಿ ಹಾಕಿಸಿಕೊಂಡು ಜೋಪಾನವಾಗಿ ಬಳಸುತ್ತಿದ್ದವನು ನಾನು. ಆ ಏಳು ತಿಂಗಳಲ್ಲಿ ದಿನಕ್ಕೊಂದು ಜಿಬಿ ಸಾಲದ ಹಾಗೆ ಆಯಿತು. ಈಗ ಮನೆಯಲ್ಲಿ ನಾಲ್ಕು ಫೋನ್, ನಾಲ್ಕಕ್ಕೂ ರೀಚಾರ್ಜ್. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟು ಬೇಕಾದರೂ ಇಡಿ ಅಂತ ಶುರುವಾಯಿತು, 2021ರ ಜೂನ್ 1ರಿಂದ 15 ಜಿಬಿ ಲೆಕ್ಕಕ್ಕೆ ಬಂತು. ಕನ್ನಡ ಟೈಪ್ ಮಾಡುವ 'ಬರಹ' ಕೂಡ ಮೊದಲು ಫ್ರೀ ಇತ್ತು, ಆಮೇಲೆ ದುಡ್ಡಿನದಾಯಿತು. ಅವರ ತಪ್ಪೇನಿಲ್ಲ, ದುಡಿದದ್ದಕ್ಕೆ ಕೂಲಿ ಬೇಕಲ್ಲ. ಸರ್ಕಾರದ 'ನುಡಿ' ಈಗಲೂ ಫ್ರೀ ಇದೆ, ಅಂಗಡಿಯಲ್ಲಿ ಅದೇ ಬಳಸ್ತೇನೆ. ಆದರೆ ಫ್ರೀ ಅಂತ ಒಂದಕ್ಕೆ ಕೈ ರೂಢಿಯಾದ ಮೇಲೆ ರೇಟು ಹೇಳುವವರು ಅವರು, ಹೂಂ ಅನ್ನುವವರು ನಾವು.

ಈಗ ನನ್ನ ಅಂಗಡಿ ನೋಡಿ. ಸ್ಟೇಪ್ಲರ್‌ಗೆ ದಾರ ಕಟ್ಟಿದ್ದೇನೆ. ಗಮ್ ಬಾಟಲಿ ದಿನಕ್ಕೆ ಎರಡು ಸಲ ಕಾಣೆಯಾಗುತ್ತದೆ. ಎರಡು ರೂಪಾಯಿಯ ಝೆರಾಕ್ಸ್ ಮಾಡಿಸಿದವರು "ಅಣ್ಣಾರ, ಒಂದು ಪಿನ್ ಹಾಕ್ರಿ, ಹಂಗ ಈ ಫಾರ್ಮ್ ತುಂಬಿ ಕೊಡ್ರಿ" ಅಂತಾರೆ. ತುಂಬಿ ಕೊಡ್ತೇನೆ. ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಅಜ್ಜಿ ಮೆಂತ್ಯದ ಸಿವುಡಿನ ಮೇಲೆ ಹಿಡಿ ಕೊತ್ತಂಬರಿ ಕೊಸರು ಹಾಕಿದ ಹಾಗೆ ಇದು ನನ್ನ ಕೊಸರು. ಕೊಸರಿಗೆ ಒಂದು ಅಳತೆ ಇದೆ, ಅದು ಅಜ್ಜಿಯ ಕೈಗೆ ಗೊತ್ತು. ಪುಕ್ಕಟೆ ಹುಡುಕುವವರು ಆ ಅಳತೆ ಇಟ್ಟುಕೊಳ್ಳೋದಿಲ್ಲ. ಹಿಡಿ ಕೊಟ್ಟರೆ ಬುಟ್ಟಿಗೇ ಕೈ ಹಾಕ್ತಾರೆ.

ಅಕ್ಕನ ನಿಯಮದಲ್ಲಿ ಒಂದು ತೂತು ಇದೆ, ಅದನ್ನ ಅವಳು ಬರೆದಿಲ್ಲ. ಸಿದ್ಧಾರೂಢರ ಮಠಕ್ಕೆ ಎಲ್ಲರೂ ಹೋಗಿದ್ದೆವು, ದಾಸೋಹದಲ್ಲಿ ಪ್ರಸಾದ ತಗೊಂಡೆವು. ರಾತ್ರಿ ನೋಡಿದರೆ ಆ ಊಟವನ್ನೂ ಡೈರಿಯ ಬಲಗಡೆ ಬರೆದಿದ್ದಾಳೆ! ಕೇಳಿದರೆ, ಇಲ್ಲದಿದ್ದರೆ ಹೋಟೆಲಿನಲ್ಲಿ ದುಡ್ಡು ಕೊಟ್ಟು ಉಣ್ಣಬೇಕಿತ್ತು ಅಲ್ವಾ ಅಂದಳು. ನಿಯಮದ ಪ್ರಕಾರ ಸರಿ. ಆದರೆ ನನಗೆ ಬೇಕಿತ್ತಾ ಅನ್ನೋದು ಒಂದೇ ಪ್ರಶ್ನೆನಾ? ಯಾರು ಬಡಿಸಿದರು, ಯಾರ ದುಡ್ಡು ಅನ್ನೋದು ಬೇಡವಾ? ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ ಎಲ್ಲಾ ಪುಕ್ಕಟೆ. ಅದಕ್ಕಾಗಿ ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಅವರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ಅದನ್ನೇ ಹೊತ್ತರು. ಭಕ್ತರು ತುಲಾಭಾರ ಮಾಡಿದರೆ ತಕ್ಕಡಿಯಲ್ಲಿ ಕೂತರು, ಬಂದದ್ದು ಮಕ್ಕಳ ಅನ್ನಕ್ಕೆ ಹೋಯಿತು. ಅಂಥ ಪುಕ್ಕಟೆಗೆ ನಾನು ಕೈ ಮುಗಿಯುತ್ತೇನೆ, ಉಳಿತಾಯದ ಪಟ್ಟಿಯಲ್ಲಿ ಬರೆಯೋದಿಲ್ಲ. ಮಠದಿಂದ ಎದ್ದು ಬರುವಾಗ ನಾನು ಹುಂಡಿಗೆ ಹಾಕಿದ 100 ರೂಪಾಯಿಯನ್ನ ಅಕ್ಕ ಎಡಗಡೆ ಬರೆದಿಲ್ಲ. ನನ್ನ ದುಡ್ಡಂತೆ ಅದು.

ಆ ಕ್ಯಾಸರೋಲ್ ಎರಡು ವರ್ಷ ನಮ್ಮ ಅಟ್ಟದ ಮೇಲಿತ್ತು. ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಹೋದ ದೀಪಾವಳಿಗೆ ಅಕ್ಕ ಬಂದಾಗ, ಇದನ್ನ ಒಯ್ಯಿ ಮಾರಾಯ್ತಿ ಅಂತ ಕೊಟ್ಟೆ. ಚಪಾತಿ ಬಿಸಿ ಇಡೋದಕ್ಕೆ ಒಂದು ತಗೊಳ್ಳಬೇಕು ಅಂತಲೇ ಇದ್ದಳಂತೆ. ಡೈರಿಯ ಬಲಗಡೆ 450 ರೂಪಾಯಿ ಬರೆದುಕೊಂಡಿದ್ದಾಳೆ.