ಅಂಬಾರಿ ಕೋವಿಯ ಪರಿವಾರ

ಕೊಡಗಿನ ಮನೆಗಳಲ್ಲಿ ಕೋವಿ ಅಂದರೆ ಶೋಕಿಯ ಸಾಮಾನಲ್ಲ. ಅದಕ್ಕೆ ಕೆಲಸ ಉಂಟು. ಗಂಡುಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಎರಡು. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವ ಮುಂಚೆ ಇನ್ನೊಂದು. ಫೋನ್ ಇಲ್ಲದ ಕಾಲದಲ್ಲಿ ಗುಡ್ಡದಾಚೆಯವರು ಶಬ್ದ ಎಣಿಸಿಯೇ ಯಾವ ಬಟ್ಟೆ ಹಾಕಿಕೊಂಡು ಹೊರಡಬೇಕು ಅಂತ ತೀರ್ಮಾನಿಸುತ್ತಿದ್ದರಂತೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ, ಅಂದರೆ ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವವರಿಗೂ, ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಹಾಗಂತ ಬೆಂಗಳೂರಿನ ಗೆಳೆಯರು ಅಂದುಕೊಂಡಂತೆ ನಾವು ಹಾಲು ತರೋಕೂ ಕೋವಿ ಹಿಡಿದು ಹೋಗುವುದಿಲ್ಲ. ಕೋವಿ ಮನೆಯ ಹಿರಿಯನ ಹಾಗೆ. ಕರೆದಾಗ ಮಾತ್ರ ಎದ್ದು ಬರುತ್ತದೆ, ಜೋರಾಗಿ ಒಂದು ಮಾತಾಡುತ್ತದೆ, ಮತ್ತೆ ಒಳಗೆ ಹೋಗಿ ಮಲಗುತ್ತದೆ.

ಇಂಥ ಊರಿಗೆ ನಾನು ಗುಂಡೇ ಹಾರದ ಕೋವಿಯೊಂದನ್ನು ತಂದೆ. ಅದೂ ಗಿಡ್ಡ ನಳಿಗೆಯದು.

ಹಳೇ ಕಾಫಿ ತೋಟದ ಬಂಗಲೆಯೊಂದನ್ನು ಖಾಲಿ ಮಾಡುವಾಗ ಮುರಿದ ಕುರ್ಚಿ, ಬಿರುಕು ಬಿಟ್ಟ ಕನ್ನಡಿಗಳ ನಡುವೆ ಸಿಕ್ಕಿದ್ದು ಅದು. ಜೋಡುನಳಿಗೆ, ಬಾಯಿಯ ಅಳತೆ 20 ಬೋರು. ಇಡೀ ಕೋವಿ ನನ್ನ ಮೊಣಕೈಯಿಂದ ಬೆರಳ ತುದಿಗೆ ಬಂದರೆ ಹೆಚ್ಚು. ನಳಿಗೆಯೊಳಗೆ ತುಕ್ಕು ಗಟ್ಟಿಯಾಗಿ ಕೂತಿದೆ. ಒಂದು ಕುದುರೆ ಮುರಿದಿದೆ, ಇನ್ನೊಂದು ಅಲ್ಲಾಡುವುದಿಲ್ಲ. ಕೋವಿ ರಿಪೇರಿ ಮಾಡುವವರಿಗೆ ತೋರಿಸಿದರೆ ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ರಿಪೇರಿ ಇಲ್ಲ, ಮಣ್ಣು ಮಾಡಿ" ಅಂದರು. ನನಗೆ ಬೇಕಾಗಿದ್ದದ್ದೂ ಆ ಮಾತೇ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೇ ಕಾಲದ ಆಯುಧವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ತನ್ನ ಲೆಕ್ಕದಿಂದ ಹೊರಗೆ ಬಿಟ್ಟಿದೆ. ಆದರೂ ಠಾಣೆಗೆ ಹೋಗಿ ತೋರಿಸಿ ಬಂದೆ. ಅಲ್ಲಿದ್ದವರು ಬಹಳ ಹೊತ್ತು ನೋಡಿ ಕೇಳಿದ ಪ್ರಶ್ನೆ ಒಂದೇ. "ಬಾಕಿ ಎಲ್ಲಿ ಸಾರ್?"

ಆ ಪ್ರಶ್ನೆ ಅಲ್ಲಿಂದ ನನ್ನನ್ನು ಬಿಟ್ಟಿಲ್ಲ. ಮನೆಗೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಬಾಕಿ ಏನೂ ಇಲ್ಲ, ಇದು ಹುಟ್ಟಿದ್ದೇ ಇಷ್ಟು ಅಂತ ಹೇಳಿದರೆ ನಂಬುವುದಿಲ್ಲ. ಆಮೇಲೆ ನಾನು ಕಥೆ ಶುರು ಮಾಡುತ್ತೇನೆ. 19ನೇ ಶತಮಾನದಲ್ಲಿ ಆನೆಯ ಮೇಲೆ ಅಂಬಾರಿಯಲ್ಲಿ ಕೂತು ಹುಲಿ ಬೇಟೆಗೆ ಹೋಗುತ್ತಿದ್ದವರಿಗೆ ಒಂದು ಭಯ ಇತ್ತು. ಗಾಯಗೊಂಡ ಹುಲಿ ಸೀದಾ ಆನೆಯನ್ನೇ ಹತ್ತಿ ಬಂದರೆ ಏನು ಗತಿ? ಅಷ್ಟು ಹತ್ತಿರದಲ್ಲಿ ಉದ್ದನೆಯ ಕೋವಿ ತಿರುಗಿಸಲು ಜಾಗ ಸಿಗದು. ಅದಕ್ಕೆ ಮೊದಮೊದಲು ದೊಡ್ಡ ರೈಫಲ್ಲುಗಳನ್ನೇ ಕತ್ತರಿಸಿ ಗಿಡ್ಡ ಮಾಡಿಕೊಂಡರು. ಆಮೇಲೆ ಇಂಗ್ಲೆಂಡಿನ ಕೋವಿ ಕಂಪನಿಗಳೇ ಇಂಥದ್ದನ್ನು ಮಾಡಿ ಮಾರತೊಡಗಿದವು. ಹೌದಾ ಪಿಸ್ತೂಲು ಅಂತ ಹೆಸರು, ಹೌದಾ ಅಂದರೆ ಅಂಬಾರಿ. ನಮ್ಮ ಮನೆಯಲ್ಲಿ ಅದು ಅಂಬಾರಿ ಕೋವಿ ಆಗಿದೆ.

ಈ ಕಥೆ ನಮ್ಮವರ ಮೇಲೆ ಏನೂ ಪರಿಣಾಮ ಮಾಡುವುದಿಲ್ಲ. ಇಲ್ಲಿ ಹುಲಿ ಹೊಡೆದವರು ನೆಲದ ಮೇಲೆ ನಿಂತೇ ಹೊಡೆದದ್ದು. ಹಾಗೆ ಹೊಡೆದವನಿಗೆ ಸತ್ತ ಹುಲಿಯ ಪಕ್ಕದಲ್ಲೇ ಕೂರಿಸಿ ನರಿ ಮಂಗಲ ಅಂತ ಮದುವೆಯಷ್ಟೇ ಗೌರವ ಮಾಡುತ್ತಿದ್ದರು. ಕೊಡವ ಮಾತಿನಲ್ಲಿ ನರಿ ಅಂದರೆ ಹುಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೂ ಇಲ್ಲ, ಮಂಗಲವೂ ಇಲ್ಲ. ಆದರೆ ಹೆಮ್ಮೆ ಹೋಗಿಲ್ಲ. "ಆನೆ ಮೇಲೆ ಕೂತೂ ಹೆದರಿಕೆಯಾ?" ಅಂತ ಬಲ್ಯಪ್ಪ ಕೇಳಿದರು. ಬಲ್ಯಪ್ಪ ಅಂದರೆ ನಮ್ಮ ದೊಡ್ಡಪ್ಪ. ಅವರ ಎದುರು ಬ್ರಿಟಿಷರ ಪರ ವಾದ ಮಾಡುವ ಧೈರ್ಯ ನನಗಿಲ್ಲ. 20 ಬೋರು 12 ಬೋರಿಗಿಂತ ಸಣ್ಣದು ಅಂತ ಒಪ್ಪಿಸಲೂ ನನ್ನಿಂದ ಆಗಿಲ್ಲ. ಒಂದು ಪೌಂಡ್ ಸೀಸದಲ್ಲಿ 20 ಗುಂಡು ಮಾಡಿದರೆ ಅದರಲ್ಲಿ ಒಂದು ಎಷ್ಟು ದಪ್ಪವೋ ಅಷ್ಟು ನಳಿಗೆಯ ಬಾಯಿ, 12 ಮಾಡಿದರೆ ಗುಂಡು ದಪ್ಪ, ಬಾಯಿಯೂ ದೊಡ್ಡದು ಅಂತ ಕಾಫಿಬೀಜ ಇಟ್ಟು ತೋರಿಸಿದೆ. "20 ದೊಡ್ಡದಾ, 12 ದೊಡ್ಡದಾ? ಅಷ್ಟು ಹೇಳು ಸಾಕು" ಅಂದರು.

ತಮ್ಮನ ವರಸೆಯ ಹುಡುಗನೊಬ್ಬನಿಗೆ ಮಾತ್ರ ಕೋವಿ ಇಷ್ಟವಾಯಿತು. ಸ್ವಲ್ಪ ಜಾಸ್ತಿಯೇ ಇಷ್ಟವಾಯಿತು. "ಅಣ್ಣ, ನಮ್ಮ ಮನೆಯದ್ದನ್ನೂ ಹೀಗೆ ಗಿಡ್ಡ ಮಾಡಿಸಿದರೆ ಜೀಪಲ್ಲಿ ಜಾಗ ಆಗ್ತದೆ ಅಲ್ವಾ?" ಅಂದ. ಜೀಪಿನಲ್ಲಿ ಕೋವಿಗೆ ಜಾಗ ಆಗ್ತದೆ, ಜೈಲಿನಲ್ಲಿ ನಿನಗೆ ಜಾಗ ಆಗ್ತದೆ ಅಂದೆ. ಲೈಸೆನ್ಸ್ ಇಲ್ಲದೆ ಕೋವಿಯ ನಳಿಗೆ ಕತ್ತರಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಅಪರಾಧ. ಅಮೆರಿಕದವರೂ ಈ ವಿಷಯದಲ್ಲಿ ಸುಮ್ನೆ ಬಿಟ್ಟಿಲ್ಲ. ಅಲ್ಲಿ ಇಥಾಕಾ ಕಂಪನಿ 1922ರಿಂದ 20 ಬೋರಿನದೇ ಒಂದು ಗಿಡ್ಡ ಜೋಡುನಳಿಗೆ ಮಾಡುತ್ತಿತ್ತು. ಹೆಸರು 'ಆಟೋ ಅಂಡ್ ಬರ್ಗ್ಲರ್'. ಕಾರಿನಲ್ಲಿ ಇಟ್ಟುಕೊಳ್ಳಿ, ಕಳ್ಳ ಬಂದರೆ ತೆಗೆಯಿರಿ ಅಂತ. 1934ರಲ್ಲಿ ಸರ್ಕಾರ ಇಂಥವಕ್ಕೆ ರಿಜಿಸ್ಟ್ರಿಯನ್ನೂ 200 ಡಾಲರ್ ತೆರಿಗೆಯನ್ನೂ ಹಾಕಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಕಂಪನಿ ಆ ಕೋವಿ ಮಾಡುವುದನ್ನು ನಿಲ್ಲಿಸಿ ಬೇರೆ ಕೆಲಸ ನೋಡಿಕೊಂಡಿತು.

ಇಷ್ಟಾದರೂ ಕೋವಿಯಿಂದ ಮನೆಗೆ ತೊಂದರೆ ಇಲ್ಲ. ಒಂದು ಮೊಳೆ, ಒಂದು ಗೋಡೆ, ಮುಗಿಯಿತು. ತೊಂದರೆ ಅದರ ಪರಿವಾರದ್ದು. ಹಳೇ ಕೋವಿ ಇಟ್ಟುಕೊಂಡವನಿಗೆ ಅದರ ಕಾಲದ ಸಾಮಾನುಗಳೂ ಬೇಕೆನಿಸುತ್ತದೆ. ಚರ್ಮದ ಪೆಟ್ಟಿಗೆ, ನಳಿಗೆ ಒರೆಸುವ ಸಲಾಕೆ, ಹಿತ್ತಾಳೆ ತೋಟೆ (ಕಾರ್ಟ್ರಿಜ್), ತೋಟೆಯ ಬಾಯಿ ಮಡಚುವ ಯಂತ್ರ, ಎಣ್ಣೆ ಕುಪ್ಪಿ. ಒಂದೊಂದೂ ಬಂದ ಹಾಗೆ ಗೋಡೆ, ಅಲಮಾರು, ಆಮೇಲೆ ಊಟದ ಮೇಜು ಹೋಯಿತು. ಮೊದಲೇ ಹೇಳಿದೆನಲ್ಲ, ನಮ್ಮಲ್ಲಿ ಕೋವಿಗೆ ಕೆಲಸ ಇರಬೇಕು. ಕೋವಿಗೆ ಕೆಲಸ ಹುಡುಕಲು ಆಗದವರು ಅದರ ಪರಿವಾರಕ್ಕೆ ಹುಡುಕಿಕೊಟ್ಟರು.

ಮೊದಲು ಸಿಕ್ಕಿದ್ದು ತಾಮ್ರದ ಮದ್ದಿನ ಕುಪ್ಪಿ. ನಿಜ ಹೇಳಬೇಕೆಂದರೆ ಇದು ನನ್ನ ಕೋವಿಗೆ ಸೇರಿದ್ದಲ್ಲ. ನನ್ನದು ತೋಟೆ ಹಾಕುವ ಕೋವಿ. ಕುಪ್ಪಿ ಅದಕ್ಕಿಂತ ಹಿಂದಿನದು, ನಳಿಗೆಯ ಬಾಯಿಂದ ಮದ್ದು ಸುರಿಯುತ್ತಿದ್ದ ಕೇಪಿನ ಕೋವಿಗಳ ಕಾಲದ್ದು. ಮಡಿವಂತ ಸಂಗ್ರಹಕಾರರು ಇಂಥ ಬೆರಕೆಯನ್ನು ಒಪ್ಪುವುದಿಲ್ಲ. ಆದರೆ ಶೆಫೀಲ್ಡಿನ ಡಿಕ್ಸನ್ ಕಂಪನಿಯ ಮುದ್ರೆ ಇದ್ದ ಕುಪ್ಪಿ ಕಣ್ಣೆದುರು ಕೂತಿರುವಾಗ ಮಡಿ ಯಾರಿಗೆ ಬೇಕು? ನೂರು ವರ್ಷಕ್ಕೂ ಮೀರಿದ ಕಂದು ಬಣ್ಣ ಅದರ ಮೇಲೆ ಕೂತಿತ್ತು. ಹಳೇ ತಾಮ್ರಕ್ಕೆ ಬೆಲೆ ಬರುವುದೇ ಆ ಬಣ್ಣದಿಂದ. ಕೈಲ್‌ಪೊಳ್ದ್ ಹತ್ತಿರ ಬಂತು. ಸೆಪ್ಟೆಂಬರ್ 3ಕ್ಕೆ ಆಯುಧ ಪೂಜೆ, ಅದರ ಹಿಂದಿನ ದಿನ ಮನೆಯ ಲೋಹಕ್ಕೆಲ್ಲ ಸ್ನಾನ. ಬಲ್ಯವ್ವ, ಅಂದರೆ ದೊಡ್ಡಮ್ಮ, ಹುಣಸೆಹಣ್ಣು, ಬೂದಿ ತೆಗೆದುಕೊಂಡು ಕೂತರು. ನಾನು ತೋಟದಿಂದ ಬರುವಾಗ ಕುಪ್ಪಿ ನೆಲ್ಲಕ್ಕಿ ನಡುಮನೆಯಲ್ಲಿ ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಮುದ್ರೆಯಲ್ಲಿ ಡಿಕ್ಸನ್‌ನ ಅರ್ಧ ಉಳಿದಿತ್ತು. "ಎಷ್ಟು ವರ್ಷದಿಂದ ಯಾರೂ ಉಜ್ಜಲಿಲ್ಲವಲ್ಲ, ಪಾಪ" ಅಂದರು ಬಲ್ಯವ್ವ. ಈಗ ಅದರಲ್ಲಿ ಕರಿಮೆಣಸಿನ ಪುಡಿ ಇದೆ. ಮುಚ್ಚಳದ ಸ್ಪ್ರಿಂಗ್ ಒತ್ತಿದರೆ ಅಳತೆಗೆ ಸರಿಯಾಗಿ ಬೀಳುತ್ತದೆ. ಅವತ್ತಿನಿಂದ ಪಂದಿ ಕರಿಯ ಖಾರ ಒಂದೇ ಹದದಲ್ಲಿ ಬರುತ್ತಿದೆ ಅನ್ನುವುದು ನಿಜ.

ಪೂಜೆಯ ದಿನ ಇನ್ನೊಂದು ಪಜೀತಿ. ಸಾಲಾಗಿ ನಿಲ್ಲಿಸಿದ ಕೋವಿಗಳಿಗೆಲ್ಲ ತೋಕ್ ಪೂ ಸಿಕ್ಕಿಸಿದರು. ಬಯಲುಸೀಮೆಯವರು ಅಗ್ನಿಶಿಖೆ ಅನ್ನುತ್ತಾರಲ್ಲ, ಕೆಂಪು ಹಳದಿ ಬೆಂಕಿಯ ಹೂ, ಅದೇ. ನೋಡಲು ಚಂದ, ಗೆಡ್ಡೆಯಿಂದ ಹಿಡಿದು ಎಲ್ಲವೂ ವಿಷ. ಅಂಬಾರಿ ಕೋವಿಗೂ ಒಂದು ಬಳ್ಳಿ ಸಿಕ್ಕಿಸಿದರು. ಕೋವಿ ಕಾಣಲಿಲ್ಲ. ಹೂವಷ್ಟೇ ಕಂಡಿತು. ಕುಂಕುಮ ಇಡಲು ಬಂದ ಸಣ್ಣವಳು ಅದನ್ನು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಗಳ ಜೊತೆಗೆ ಸೇರಿಸಿ ಹೋದಳು. ಯಾರೂ ತಿದ್ದಲಿಲ್ಲ.

ತೋಟೆಗಳ ಕಥೆ ಸಣ್ಣದು. ಕಾಗದದ ಹಳೇ ಖಾಲಿ ತೋಟೆಗಳು ಜೂನಿನ ಮಳೆಗೆ ಉಬ್ಬಿ ಪೆಟ್ಟಿಗೆಯೊಳಗೇ ಅಂಟಿಕೊಂಡವು. ಈ ಥಂಡಿಯ ದೇಶಕ್ಕೆ ಹಿತ್ತಾಳೆಯದ್ದೇ ಸರಿ ಅಂತ ಹಳಬರು ಯಾಕೆ ಹೇಳುತ್ತಿದ್ದರು ಅಂತ ತಿಳಿಯಿತು. ಹಿತ್ತಾಳೆಯವು ಉಳಿದವು, ಆದರೆ ಈಗ ಅವು ದೇವರ ಮುಂದೆ ಊದುಬತ್ತಿ ಹಿಡಿದು ನಿಂತಿವೆ. ಬಾಯಿ ಮಡಚುವ ಯಂತ್ರವನ್ನು ಮೇಜಿನ ಅಂಚಿಗೆ ತಿರುಪಿ ಕೂರಿಸಬೇಕು, ಪಕ್ಕದಲ್ಲಿ ತಿರುಗಿಸುವ ಹಿಡಿ. ನೆರೆಮನೆಯ ಅಕ್ಕ ಅದನ್ನು ಕಾಫಿ ಪುಡಿ ಮಾಡುವ ಯಂತ್ರ ಅಂದುಕೊಂಡು ಒಂದು ಹಿಡಿ ಹುರಿದ ರೊಬಸ್ಟಾ ತುಂಬಿದರು. ಪುಡಿ ಬರಲಿಲ್ಲ. ಬೀಜ ಹಲ್ಲಿನೊಳಗೆ ಸಿಕ್ಕಿ ಯಂತ್ರವೂ ಕೋವಿಯ ದಾರಿ ಹಿಡಿಯಿತು.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಚರ್ಮದ ಪೆಟ್ಟಿಗೆಯ ವಿಷಯದಲ್ಲಿ. ಒಂದು ತುದಿ ಅಗಲ, ಇನ್ನೊಂದು ಸಪೂರ, ಒಳಗೆ ಕೆಂಪು ಬಟ್ಟೆ, ಹೊರಗೆ ಹಿತ್ತಾಳೆಯ ಬೀಗ. ಕೋವಿಗಿಂತ ಜಾಸ್ತಿ ದುಡ್ಡು ಅದಕ್ಕೆ ಹೋಗಿತ್ತು. ಜುಲೈ ತಿಂಗಳಲ್ಲಿ ನಮ್ಮ ಕಡೆ ಒದ್ದೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಚಪ್ಪಲಿಗೇ ಬೂಷ್ಟು ಬರುತ್ತದೆ. ಪೆಟ್ಟಿಗೆ ಪಾಚಿ ಕಟ್ಟಿದ ಬಂಡೆಯಾಯಿತು. ಒರೆಸಿದೆ, ಮತ್ತೆ ಬಂತು. ಮಳೆಗಾಲದಲ್ಲಿ ಏನನ್ನಾದರೂ ಉಳಿಸಿಕೊಳ್ಳಲು ಕೊಡಗಿನಲ್ಲಿ ಇರುವ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ನನ್ನ ಹೆಂಡತಿ ಅದನ್ನು ಹೊಗೆಗೆ ಒಣಗಲು ಹಾಕಿದ್ದ ಪಂದಿ ಮಾಂಸದ ಸಾಲಿನಲ್ಲೇ ತೂಗು ಹಾಕಿದಳು. ಬೂಷ್ಟು ಹೋಯಿತು. ಒಳ್ಳೆ ಬಣ್ಣವೂ ಬಂತು. ಪರಿಮಳವೂ ಬಂತು. ಕೆಳಗಿಳಿಸಿದ ರಾತ್ರಿ ನಾಯಿ ಅದರ ಸಪೂರ ತುದಿಯನ್ನು ಬೀಗದ ಸಮೇತ ಅಂಗಳಕ್ಕೆ ಎಳೆದುಕೊಂಡು ಹೋಗಿತ್ತು. ಬೀಗವನ್ನು ಮಾತ್ರ ಬಿಟ್ಟಿತ್ತು.

ಉಳಿದ ಪೆಟ್ಟಿಗೆಗೆ ಮೈಸೂರಿನಲ್ಲಿ ಹೊಲಿಗೆ ಹಾಕಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ನಾಗರಹೊಳೆ ಕಾಡಿನ ಗೇಟಿನಲ್ಲಿ ತಪಾಸಣೆ. ಆಕಾರ ನೋಡಿಯೇ ಕಾವಲಿನವರ ಮುಖ ಬಿಗಿಯಾಯಿತು. ತೆಗೆಸಿದರು. ಒಳಗೆ ಒಂದು ಸಲಾಕೆ, ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಒಂದು ಗಾಜಿನ ಕುಪ್ಪಿ. ರಂಗೂನ್ ಎಣ್ಣೆ ಅಂತ ಚೀಟಿ, ತಳದಲ್ಲಿ ಅರ್ಧದಷ್ಟು ಕಪ್ಪನೆಯ ಎಣ್ಣೆ. ಬರ್ಮಾದ ನೆಲದೆಣ್ಣೆಯಿಂದ ಮಾಡಿ ಬ್ರಿಟಿಷರು ಕೋವಿಗೆ ಹಚ್ಚುತ್ತಿದ್ದದ್ದು. ಇಡೀ ಬಸ್ಸು ಕತ್ತು ಉದ್ದ ಮಾಡಿ ನೋಡುತ್ತಿತ್ತು. ಕಾವಲಿನವರು ಮುಚ್ಚಳ ತೆಗೆದು ಮೂಸಿದರು. "ಕೋವಿ ಎಲ್ಲಿ?" "ಮನೆಯಲ್ಲಿ." "ಪೆಟ್ಟಿಗೆ ಮಾತ್ರ ಯಾಕೆ ತಿರುಗಾಡಿಸ್ತೀರಿ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಯಿಯ ಕಥೆ ಹೇಳಿದೆ. ನಂಬಿದರೋ ಕನಿಕರಪಟ್ಟರೋ, ಬಿಟ್ಟರು.

ಎಣ್ಣೆಯನ್ನು ಕೋವಿಯ ಪಕ್ಕದಲ್ಲೇ ಇಟ್ಟೆ. ಸ್ವಲ್ಪ ದಿನದಲ್ಲಿ ಮಟ್ಟ ಇಳಿಯುತ್ತಿರುವುದು ಕಂಡಿತು. ಹಳೇ ಕುಪ್ಪಿ, ಸೋರುತ್ತಿರಬೇಕು ಅಂದುಕೊಂಡು ಮೇಣ ಹಚ್ಚಿದೆ. ಮತ್ತೂ ಇಳಿಯಿತು. ಒಂದು ಸಂಜೆ ಜಗಲಿಗೆ ಹೋದರೆ ಬಲ್ಯಪ್ಪ ಪಂಚೆ ಮೇಲೆ ಮಾಡಿಕೊಂಡು ಬಲಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಕೋವಿ ಅಂಗಡಿಯ ವಾಸನೆ ಇಡೀ ಜಗಲಿಗೆ. ಅದು ಕಬ್ಬಿಣಕ್ಕೆ ಹಚ್ಚುವುದು ಬಲ್ಯಪ್ಪ, ಮೈಗೆ ಹಚ್ಚಬಾರದು, ಚರ್ಮ ಸುಟ್ಟೀತು ಅಂದೆ. ತುಕ್ಕು ಹಿಡಿದದ್ದಕ್ಕೆ ತಾನೇ ಹಚ್ಚುವುದು ಅಂದರು. ಎದ್ದು ನಿಂತು ಎರಡು ಸಲ ಕೂತು ಎದ್ದೂ ತೋರಿಸಿದರು. ಕುಪ್ಪಿಯನ್ನು ಬೆಳಕಿಗೆ ಹಿಡಿದು, "ನೋಡು ಕುಂಞಿ, ಆ ಗಿಡ್ಡನ್ನ ಎಲ್ಲಿ ಬೇಕಾದರೂ ನೇತು ಹಾಕಿಕೋ, ನಾನು ಕೇಳೋದಿಲ್ಲ. ಮೈಸೂರಿಗೆ ಹೋದಾಗ ಇದು ಇನ್ನೊಂದು ಸಿಕ್ತದಾ ವಿಚಾರಿಸು. ಎಡಗಾಲು ಹಾಗೇ ಉಂಟು" ಅಂದರು.